ಕೋಟಿ ಸಾಲುಗಳ ಸ್ಥಳಾಂತರ: ಹಳೆಯ ರೋಗಿ ದಾಖಲೆಗಳು ಹೊಸ ದತ್ತಸಂಚಯವನ್ನು ಸೇರುವ ಬಗೆ

ಆಸ್ಪತ್ರೆಯೊಂದು ತನ್ನ ಹಳೆಯ ಗಣಕ ವ್ಯವಸ್ಥೆಯನ್ನು ಬಿಟ್ಟು ಹೊಸದನ್ನು ಅಳವಡಿಸಿಕೊಳ್ಳುವಾಗ ಸಾಮಾನ್ಯವಾಗಿ ಅದಕ್ಕೆ ಸಿಗುವ ಬಿಡುವು ಒಂದು ವಾರಾಂತ್ಯ ಮಾತ್ರ. ಶನಿವಾರ ಮಧ್ಯಾಹ್ನ 2 ಗಂಟೆಗೆ ಹೊರರೋಗಿ ವಿಭಾಗದ ಬಾಗಿಲು ಹಾಕಿದರೆ ಸೋಮವಾರ ಬೆಳಗ್ಗೆ 8ಕ್ಕೆ ಮತ್ತೆ ತೆರೆಯಬೇಕು. ನಡುವೆ ಇರುವುದು 42 ಗಂಟೆ. ಅಷ್ಟರೊಳಗೆ ಹತ್ತು ಹನ್ನೆರಡು ವರ್ಷಗಳ ದಾಖಲೆಗಳು ಹಳೆಯ ಮನೆಯಿಂದ ಹೊಸ ಮನೆಗೆ ಬಂದು ಸೇರಬೇಕು. ಬಾರದಿದ್ದರೆ, ಎದುರು ಕುಳಿತ ರೋಗಿಗೆ ಯಾವ ಔಷಧಿ ಒಗ್ಗದು ಎಂಬುದು ವೈದ್ಯರಿಗೆ ತಿಳಿಯುವುದಿಲ್ಲ. ಅವಸರದಲ್ಲಿ ತಪ್ಪಾಗಿ ಬಂದರೆ ಪರಿಸ್ಥಿತಿ ಇನ್ನೂ ಕೆಟ್ಟದು. ಎಲ್ಲವೂ ತಿಳಿದಿದೆ ಎಂಬ ಧೈರ್ಯದಲ್ಲಿ ಅವರು ಚೀಟಿ ಬರೆದುಬಿಡುತ್ತಾರೆ.

ನಾನು ವೃತ್ತಿಯಿಂದ ವೈದ್ಯ, ಗಣಕತಜ್ಞನಲ್ಲ. ಆದರೆ ನೈರೋಬಿಯಲ್ಲಿ ಕೆಲಸ ಮಾಡುವ ನನ್ನ ವಯಸ್ಸಿನ ವೈದ್ಯರಿಗೆ ಇಂಥ ಸ್ಥಳಾಂತರದ ಸಮಿತಿಗಳಲ್ಲಿ ಕೂರುವುದು ತಪ್ಪಿದ್ದಲ್ಲ. ತಂತ್ರಜ್ಞರು ಕೇಳುವುದು ಎಷ್ಟು ಬೇಗ ಆಗುತ್ತದೆ ಎಂದು. ನಾವು ಕೇಳಬೇಕಾದದ್ದು ಬೇಗ ಆಗುವುದಕ್ಕಾಗಿ ಏನನ್ನು ಬಿಟ್ಟಿದ್ದೀರಿ ಎಂದು. ಈ ಎರಡು ಪ್ರಶ್ನೆಗಳೂ ಒಂದೇ ಯಂತ್ರದ ಒಳರಚನೆಗೆ ಸೇರಿದವು. ಆ ರಚನೆಯನ್ನು ಸ್ವಲ್ಪವಾದರೂ ಅರಿಯದೆ ಎರಡನೆಯ ಪ್ರಶ್ನೆ ಕೇಳಲು ಬಾರದು.

ಕೆನ್ಯಾದಲ್ಲಿ ಈ ವಿಷಯಕ್ಕೆ ಒಂದು ಇತಿಹಾಸವೇ ಇದೆ. 2001ರಲ್ಲಿ ಎಲ್ಡೊರೆಟ್ ನಗರದ ಸಮೀಪದ ಮೊಸೊರಿಯೊಟ್ ಎಂಬ ಗ್ರಾಮೀಣ ಆರೋಗ್ಯ ಕೇಂದ್ರದಲ್ಲಿ ಮೈಕ್ರೋಸಾಫ್ಟ್ ಆಕ್ಸೆಸ್ ಆಧರಿಸಿದ ರೋಗಿ ದಾಖಲೆ ವ್ಯವಸ್ಥೆ ಆರಂಭವಾಯಿತು. ಮೊಯ್ ವಿಶ್ವವಿದ್ಯಾಲಯ ಮತ್ತು ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಗಳ ಸಹಯೋಗದ ಫಲ ಅದು. ಎಚ್‌ಐವಿ ಚಿಕಿತ್ಸೆಯ ಕಾರ್ಯಕ್ರಮ ಬೆಳೆದಂತೆ ಆ ಪುಟ್ಟ ವ್ಯವಸ್ಥೆ ಸಾಲದಾಯಿತು. 2004ರಲ್ಲಿ ಬರ್ಕ್ ಮ್ಯಾಮ್ಲಿನ್ ಮತ್ತು ಪಾಲ್ ಬಿಯೊಂಡಿಚ್ ಎಂಬ ಇಬ್ಬರು ವೈದ್ಯರು ರೂಪಿಸತೊಡಗಿದ ಓಪನ್‌ಎಂಆರ್‌ಎಸ್ ಎಂಬ ಮುಕ್ತ ತಂತ್ರಾಂಶ 2006ರಲ್ಲಿ ಎಲ್ಡೊರೆಟ್‌ನಲ್ಲಿ ಬಳಕೆಗೆ ಬಂತು. ಅದರ ಕೆನ್ಯಾ ಆವೃತ್ತಿಯಾದ ಕೆನ್ಯಾಇಎಂಆರ್ 2012ರಿಂದೀಚೆಗೆ ನೂರಾರು ಸರ್ಕಾರಿ ಚಿಕಿತ್ಸಾಲಯಗಳಿಗೆ ಹರಡಿತು. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಮೇಲೆ ನಡೆಯುತ್ತಿದ್ದ ಐಕ್ಯೂಕೇರ್ ಎಂಬ ಇನ್ನೊಂದು ವ್ಯವಸ್ಥೆಯನ್ನು ಬಳಸುತ್ತಿದ್ದ ಅನೇಕ ಕೇಂದ್ರಗಳು ಮುಂದೆ ಮೈಎಸ್‌ಕ್ಯೂಎಲ್ ಮೇಲೆ ನಡೆಯುವ ಕೆನ್ಯಾಇಎಂಆರ್‌ಗೆ ಬದಲಾದವು. ಹೀಗೆ ಒಂದು ದತ್ತಸಂಚಯದ ಸಾಲುಗಳನ್ನು ಇನ್ನೊಂದಕ್ಕೆ ಸುರಿಯುವುದು ಇಲ್ಲಿ ಬಹು ಕೇಂದ್ರಗಳು ಎದುರಿಸಿದ ಕೆಲಸ.

ಸಾಲುಗಳು ಎಷ್ಟಿರುತ್ತವೆ? ಓಪನ್‌ಎಂಆರ್‌ಎಸ್‌ನಲ್ಲಿ ರೋಗಿಯ ತೂಕ, ರಕ್ತದೊತ್ತಡ, ಸಿಡಿ4 ಎಣಿಕೆ, ಮುಂದಿನ ಭೇಟಿಯ ದಿನಾಂಕ ಇವೆಲ್ಲ ಬೇರೆ ಬೇರೆ ಕಂಬಗಳಲ್ಲಿ ಇರುವುದಿಲ್ಲ. ಪ್ರತಿಯೊಂದು ವೀಕ್ಷಣೆಯೂ 'ಆಬ್ಸ್' ಎಂಬ ಒಂದೇ ಉದ್ದನೆಯ ಕೋಷ್ಟಕದಲ್ಲಿ ಒಂದೊಂದು ಸಾಲು. ಹೊಸ ಬಗೆಯ ಪರೀಕ್ಷೆ ಬಂದಾಗ ಕೋಷ್ಟಕವನ್ನು ಬದಲಿಸಬೇಕಿಲ್ಲ ಎಂಬುದು ಇದರ ಗುಣ. ಒಂದು ಭೇಟಿಯಿಂದಲೇ ಹತ್ತಾರು ಸಾಲುಗಳು ಹುಟ್ಟುತ್ತವೆ ಎಂಬುದು ಅದಕ್ಕೆ ತೆರುವ ಬೆಲೆ. ಇಪ್ಪತ್ತು ಸಾವಿರ ರೋಗಿಗಳು, ತಲಾ ಇಪ್ಪತ್ತೈದು ಭೇಟಿ, ಭೇಟಿಗೆ ಇಪ್ಪತ್ತು ವೀಕ್ಷಣೆ ಎಂದಿಟ್ಟುಕೊಂಡರೆ ಲೆಕ್ಕ ಸರಿಯಾಗಿ ಒಂದು ಕೋಟಿಗೆ ನಿಲ್ಲುತ್ತದೆ. ಮುಂದಿನ ಲೆಕ್ಕಗಳಿಗೆಲ್ಲ ಈ ಒಂದು ಕೋಟಿಯನ್ನೇ ಇಟ್ಟುಕೊಳ್ಳೋಣ.

ಎಡ್ಗರ್ ಕಾಡ್ 1970ರಲ್ಲಿ ಮಂಡಿಸಿದ ಸಂಬಂಧಾತ್ಮಕ ಮಾದರಿಯನ್ನು ಅನುಸರಿಸುವ ಇಂದಿನ ದತ್ತಸಂಚಯಗಳು ಒಂದು ಸಾಲನ್ನು ಸೇರಿಸಿಕೊಳ್ಳುವ ಮುನ್ನ ಬಹಳ ಉಪಚಾರ ಮಾಡುತ್ತವೆ. ಆದೇಶ ಜಾಲದ ಮೂಲಕ ಬರಬೇಕು, ಅದರ ವ್ಯಾಕರಣವನ್ನು ಬಿಡಿಸಬೇಕು, ಸಾಲನ್ನು ಬರೆಯಬೇಕು, ಪ್ರತಿಯೊಂದು ಸೂಚಿಯಲ್ಲೂ, ಎಂದರೆ ಇಂಡೆಕ್ಸ್‌ನಲ್ಲೂ, ಅದರ ನಮೂದು ಆಗಬೇಕು, ಈ ರೋಗಿ, ಈ ಭೇಟಿ ನಿಜಕ್ಕೂ ಇವೆಯೇ ಎಂದು ಬೇರೆ ಕೋಷ್ಟಕಗಳಲ್ಲಿ ನೋಡಿಬರಬೇಕು, ಕೊನೆಗೆ ವಹಿವಾಟು ಶಾಶ್ವತವಾಯಿತೆಂದು ಡಿಸ್ಕಿನ ಮೇಲೆ ಮುದ್ರೆ ಒತ್ತಬೇಕು. ಮೈಎಸ್‌ಕ್ಯೂಎಲ್‌ನ ಕೈಪಿಡಿ ಈ ಶ್ರಮವನ್ನು ಸ್ಥೂಲವಾಗಿ ಹಂಚಿ ತೋರಿಸುತ್ತದೆ: ಸಂಪರ್ಕ ಸಾಧಿಸಲು 3 ಪಾಲು, ಆದೇಶ ಕಳಿಸಲು 2, ಬಿಡಿಸಲು 2, ಮುಚ್ಚಲು 1, ಸಾಲನ್ನು ಬರೆಯಲು ಅದರ ಗಾತ್ರಕ್ಕೆ ತಕ್ಕಂತೆ 1, ಸೂಚಿಯೊಂದಕ್ಕೆ 1. ಎಂದರೆ ಒಂದೊಂದೇ ಸಾಲು ಕಳಿಸಿದಾಗ ಶ್ರಮದ ದೊಡ್ಡ ಪಾಲು ಹೋಗುವುದು ಬರೆಯುವುದಕ್ಕಲ್ಲ, ಬಂದುಹೋಗುವ ಮರ್ಯಾದೆಗಳಿಗೆ. ಮದುವೆ ಮನೆಯಲ್ಲಿ ಪಂಕ್ತಿಗೆ ಬಡಿಸುವವನು ಪ್ರತಿ ಎಲೆಗೂ ಒಂದು ಸೌಟು ಅನ್ನಕ್ಕಾಗಿ ಅಡುಗೆಮನೆಗೆ ಓಡಿದರೆ ಹೇಗೋ ಹಾಗೆ.

ಮುದ್ರೆ ಒತ್ತುವ ಕೆಲಸವನ್ನೇ ನೋಡಿ. ನಿಮಿಷಕ್ಕೆ 7,200 ಸುತ್ತು ತಿರುಗುವ ಹಳೆಯ ಬಗೆಯ ಡಿಸ್ಕು ಸೆಕೆಂಡಿಗೆ ತಿರುಗುವುದು 120 ಸುತ್ತು. ಲಾಗ್ ಎಂಬ ದಿನಚರಿಯ ಮುಂದಿನ ಜಾಗ ಮುಳ್ಳಿನ ಕೆಳಗೆ ಬರಲು ಹೆಚ್ಚುಕಡಿಮೆ ಒಂದು ಸುತ್ತು ಕಾಯಬೇಕಾದ್ದರಿಂದ ಒಂದೇ ಸಂಪರ್ಕದಿಂದ ಸೆಕೆಂಡಿಗೆ ಸುಮಾರು 120 ವಹಿವಾಟುಗಳಷ್ಟೇ ಶಾಶ್ವತವಾಗಬಲ್ಲವು. ಸಾಲಿಗೊಂದು ವಹಿವಾಟಾದರೆ ಒಂದು ಕೋಟಿ ಸಾಲಿಗೆ 23 ಗಂಟೆ ಬರಿಯ ಕಾಯುವಿಕೆಯಲ್ಲೇ ಕಳೆಯುತ್ತದೆ. ಸಾವಿರ ಸಾಲಿಗೊಂದು ವಹಿವಾಟು ಮಾಡಿದರೆ ಅದೇ ಕಾಯುವಿಕೆ 83 ಸೆಕೆಂಡಿಗೆ ಇಳಿಯುತ್ತದೆ. ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗವಿಲ್ಲ, ಕಾಯುವಿಕೆ ಬಹಳ ಕಡಿಮೆ. ಆದರೂ ಸೊನ್ನೆಯಲ್ಲ, ಕೋಟಿಯಿಂದ ಗುಣಿಸಿದಾಗ ಅದೂ ಕಾಣಿಸಿಕೊಳ್ಳುತ್ತದೆ.

ದೂರವೂ ಹೀಗೆಯೇ. 2009ರಲ್ಲಿ ಸೀಕಾಮ್ ಮತ್ತು ಟೀಮ್ಸ್ ಎಂಬ ಸಮುದ್ರತಳದ ತಂತಿಗಳು ಮೊಂಬಾಸಾ ತಲುಪಿದ ಮೇಲೆ ದತ್ತಸಂಚಯವನ್ನು ಯುರೋಪಿನ ಯಾವುದೋ ಕೇಂದ್ರದಲ್ಲಿ ಇಡುವುದು ಇಲ್ಲಿಯವರಿಗೂ ಸಾಧ್ಯವಾಯಿತು. ನೈರೋಬಿಯಿಂದ ಫ್ರಾಂಕ್‌ಫರ್ಟ್ ಹಕ್ಕಿ ಹಾರುವ ದಾರಿಯಲ್ಲಿ ಸುಮಾರು 6,300 ಕಿಲೋಮೀಟರ್. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ಹೋಗಿಬರಲು ಕನಿಷ್ಠ 63 ಮಿಲಿಸೆಕೆಂಡ್. ಒಂದು ಸಾಲು ಕಳಿಸಿ, ತಲುಪಿತೆಂಬ ಉತ್ತರ ಬಂದ ಮೇಲೆ ಇನ್ನೊಂದನ್ನು ಕಳಿಸುವ ಕ್ರಮದಲ್ಲಿ ಒಂದು ಕೋಟಿ ಸಾಲಿಗೆ ಏಳು ದಿನಕ್ಕಿಂತ ಹೆಚ್ಚು ಬೇಕು. ಯಂತ್ರ ಎಷ್ಟೇ ದೊಡ್ಡದಿರಲಿ, ಬೆಳಕು ಅದಕ್ಕಾಗಿ ಬೇಗ ಓಡುವುದಿಲ್ಲ. ಆದ್ದರಿಂದ ಸಾಲುಗಳನ್ನು ಕಡತವಾಗಿ ಕಟ್ಟಿ, ಕಡತವನ್ನು ಒಂದೇ ಹರಿವಿನಲ್ಲಿ ಸುರಿಯಬೇಕು. ಪೋಸ್ಟ್‌ಗ್ರೆಸ್‌ನಲ್ಲಿ 'ಕಾಪಿ', ಮೈಎಸ್‌ಕ್ಯೂಎಲ್‌ನಲ್ಲಿ 'ಲೋಡ್ ಡೇಟಾ' ಎಂಬ ಆದೇಶಗಳಿರುವುದು ಇದಕ್ಕಾಗಿಯೇ. ಬಿಡಿಬಿಡಿ 'ಇನ್‌ಸರ್ಟ್' ಆದೇಶಗಳಿಗಿಂತ ಲೋಡ್ ಡೇಟಾ ಸಾಮಾನ್ಯವಾಗಿ 20 ಪಟ್ಟು ವೇಗವೆಂದು ಮೈಎಸ್‌ಕ್ಯೂಎಲ್‌ನ ಕೈಪಿಡಿ ಹೇಳುತ್ತದೆ.

ಹಾಗೆಂದು ಕೋಟಿ ಸಾಲುಗಳನ್ನೂ ಒಂದೇ ವಹಿವಾಟಿನಲ್ಲಿ ಕಟ್ಟುವುದು ಜಾಣತನವಲ್ಲ. ತೊಂಬತ್ತೊಂಬತ್ತನೆಯ ಲಕ್ಷದಲ್ಲಿ ಎಡವಿದರೆ ಅಷ್ಟನ್ನೂ ಹಿಂತೆಗೆಯಬೇಕು, ಮತ್ತು ಹಿಂತೆಗೆತ ಬಹಳ ನಿಧಾನವಾಗಿ ನಡೆಯುವ ಕೆಲಸ. ಕೆಲವು ಸಾವಿರ ಸಾಲುಗಳ ಕಂತುಗಳನ್ನು ಮಾಡಿ, ಎಷ್ಟನೆಯ ಕಂತು ಮುಗಿಯಿತೆಂಬುದನ್ನು ಅದೇ ವಹಿವಾಟಿನೊಳಗೆ ಬರೆದಿಟ್ಟರೆ ನಿಂತಲ್ಲಿಂದ ಮುಂದುವರಿಸಬಹುದು.

ಈಗ ಸೂಚಿಗಳ ಮಾತು. ಪುಸ್ತಕದ ಕೊನೆಯ ಪದಸೂಚಿಯನ್ನು ಯಾರೂ ಪ್ರತಿ ಪುಟ ಬರೆದಾಗಲೂ ತಿದ್ದುವುದಿಲ್ಲ. ಪುಸ್ತಕ ಮುಗಿದ ಮೇಲೆ ಒಮ್ಮೆಗೇ ಅಕಾರಾದಿಯಾಗಿ ಜೋಡಿಸುತ್ತಾರೆ. ದತ್ತಸಂಚಯದಲ್ಲೂ ಸೂಚಿಗಳನ್ನು ತೆಗೆದಿಟ್ಟು, ಸಾಲುಗಳನ್ನು ತುಂಬಿ, ಆಮೇಲೆ ಒಟ್ಟಾಗಿ ವಿಂಗಡಿಸಿ ಕಟ್ಟುವುದು ಬಹಳ ಅಗ್ಗ. ಆಬ್ಸ್ ಕೋಷ್ಟಕದಲ್ಲಿ ಹತ್ತಕ್ಕೂ ಹೆಚ್ಚು ಸೂಚಿಗಳಿವೆ. ಅವುಗಳಲ್ಲಿ ತುಂಬ ತೊಂದರೆ ಕೊಡುವುದು ಯುಯುಐಡಿ ಎಂಬ 36 ಅಕ್ಷರಗಳ ಗುರುತಿನದು. ರೋಗಿಯ ಸಾಲುಗಳು ಎರಡು ಊರುಗಳಲ್ಲಿ ಹುಟ್ಟಿ ಮುಂದೆ ಒಂದೆಡೆ ಸೇರಿದರೂ ಗುರುತುಗಳು ಡಿಕ್ಕಿ ಹೊಡೆಯಬಾರದೆಂದು ಅದನ್ನು ಯಾದೃಚ್ಛಿಕವಾಗಿ ಸೃಷ್ಟಿಸುತ್ತಾರೆ. ಯಾದೃಚ್ಛಿಕವಾದ್ದರಿಂದಲೇ ಪ್ರತಿ ಹೊಸ ಗುರುತೂ ಸೂಚಿಯ ಬೇರೊಂದು ಮೂಲೆಯಲ್ಲಿ ಹೋಗಿ ಕೂರುತ್ತದೆ. ಸೂಚಿಯು ಸ್ಮೃತಿಯಲ್ಲಿ ಹಿಡಿಸದಷ್ಟು ಬೆಳೆದ ಮೇಲೆ ಪ್ರತಿ ನಮೂದಿಗೂ ಡಿಸ್ಕನ್ನು ತಡಕಬೇಕಾಗುತ್ತದೆ. ಮೊದಲ ಹತ್ತು ಲಕ್ಷ ಸಾಲು ಸರಾಗವಾಗಿ ಹೋಗಿ ಆಮೇಲೆ ಕೆಲಸ ತೆವಳತೊಡಗುವುದರ ಗುಟ್ಟು ಸಾಮಾನ್ಯವಾಗಿ ಇದೇ. ಮುಖ್ಯ ಕೀಲಿಯಾದರೋ ಏರುವ ಸಂಖ್ಯೆ. ಕಡತವನ್ನು ಅದೇ ಕ್ರಮದಲ್ಲಿ ವಿಂಗಡಿಸಿಕೊಂಡು ಬಂದರೆ ಸಾಲುಗಳು ಒಂದರ ಹಿಂದೊಂದು ನೆಟ್ಟಗೆ ಕೂರುತ್ತವೆ.

ಇಲ್ಲಿಯವರೆಗಿನದು ಬರಿಯ ಚಾಕರಿಯ ಉಳಿತಾಯ. ಓಡಾಟ, ವ್ಯಾಕರಣ, ಮುದ್ರೆ, ವಿಂಗಡಣೆ ಇವನ್ನು ಒಟ್ಟು ಹಾಕಿದರೆ ಯಾರಿಗೂ ನಷ್ಟವಿಲ್ಲ. ಆದರೆ ದತ್ತಸಂಚಯ ಪ್ರತಿ ಸಾಲಿಗೂ ಮಾಡುವ ಕೆಲಸಗಳಲ್ಲಿ ಇನ್ನೊಂದು ಬಗೆಯವೂ ಇವೆ: ತಪಾಸಣೆಗಳು. ಈ ವೀಕ್ಷಣೆಗೆ ಒಡೆಯನಾದ ರೋಗಿ ಇದ್ದಾನೆಯೇ? ಈ ಗುರುತು ಹಿಂದೆಯೇ ಬಂದಿದೆಯೇ? ಇದು ನಿಜವಾದ ದಿನಾಂಕವೇ? ವೇಗ ಹೆಚ್ಚಿಸುವ ಸಲಹೆಗಳ ಪಟ್ಟಿಯಲ್ಲಿ ಚಾಕರಿಯೂ ತಪಾಸಣೆಯೂ ಒಂದೇ ಉಸಿರಿನಲ್ಲಿ ಬರುತ್ತವೆ, ಒಂದೊಂದು ಸಾಲಿನ ಆದೇಶದಿಂದ ಎರಡನ್ನೂ ನಿಲ್ಲಿಸಬಹುದು. ನನ್ನ ಎಲ್ಲ ಆತಂಕವೂ ಈ ಜಾಗದಲ್ಲಿದೆ.

ಮೈಎಸ್‌ಕ್ಯೂಎಲ್‌ನಲ್ಲಿ ಫಾರಿನ್ ಕೀ ತಪಾಸಣೆಯನ್ನು ಸೊನ್ನೆಗೆ ಇಳಿಸಿ ಸಾಲುಗಳನ್ನು ತುಂಬಿ ಮತ್ತೆ ಒಂದಕ್ಕೆ ಏರಿಸಿದರೆ, ನಡುವೆ ಬಂದ ಸಾಲುಗಳನ್ನು ಅದು ಹಿಂದಿರುಗಿ ನೋಡುವುದಿಲ್ಲ. ಕೈಪಿಡಿಯಲ್ಲೇ ಇದು ಸ್ಪಷ್ಟವಾಗಿದೆ, ಆದರೆ ಓದುವವರು ಕಡಿಮೆ. ಭೇಟಿಯೇ ಇಲ್ಲದ ವೀಕ್ಷಣೆ, ರೋಗಿಯೇ ಇಲ್ಲದ ಅಲರ್ಜಿ ಹಾಗೆಯೇ ಉಳಿದುಬಿಡುತ್ತವೆ. ಅವು ಯಾವ ಪರದೆಯ ಮೇಲೂ ಕಾಣಿಸುವುದಿಲ್ಲ, ಏಕೆಂದರೆ ಪರದೆ ರೋಗಿಯಿಂದ ಆರಂಭಿಸಿ ಹುಡುಕುತ್ತದೆ. ಸಾಲುಗಳ ಒಟ್ಟು ಎಣಿಕೆ ಮಾತ್ರ ಹಳೆಯದಕ್ಕೆ ಸರಿಯಾಗಿ ತಾಳೆಯಾಗುತ್ತದೆ! ಅನನ್ಯತೆಯ ತಪಾಸಣೆಯನ್ನು ನಿಲ್ಲಿಸಿದಾಗಲೂ ಕಡತದಲ್ಲಿ ನಕಲುಗಳಿಲ್ಲವೆಂದು ಖಾತರಿ ಮಾಡಿಕೊಳ್ಳುವ ಹೊಣೆ ನಮ್ಮದೇ. ಪೋಸ್ಟ್‌ಗ್ರೆಸ್‌ನ ನಡತೆ ಸ್ವಲ್ಪ ಬೇರೆ: ಅಲ್ಲಿ ನಿರ್ಬಂಧವನ್ನು ಕಿತ್ತುಹಾಕಿ, ತುಂಬಿದ ಮೇಲೆ ಮತ್ತೆ ಸೇರಿಸಿದಾಗ ಇರುವ ಸಾಲುಗಳೆಲ್ಲವನ್ನೂ ಪರೀಕ್ಷಿಸಿಯೇ ಒಪ್ಪಿಕೊಳ್ಳುತ್ತದೆ. ತಪಾಸಣೆ ಮುಂದಕ್ಕೆ ಹೋಗುತ್ತದೆ, ಮಾಯವಾಗುವುದಿಲ್ಲ.

ಇನ್ನೊಂದು ಸೂಕ್ಷ್ಮವಿದೆ, ವೈದ್ಯರಾದವರು ಇದನ್ನು ಬಾಯಿಪಾಠ ಮಾಡಿಕೊಳ್ಳಬೇಕು. ಲೋಡ್ ಡೇಟಾ ಆದೇಶಕ್ಕೆ 'ಲೋಕಲ್' ಎಂಬ ಪದ ಸೇರಿಸಿದರೆ ಕಡತ ಕಳಿಸುವವನ ಯಂತ್ರದಿಂದಲೇ ಬರುತ್ತದೆ. ಅನುಕೂಲಕರ, ಆದ್ದರಿಂದ ಜನಪ್ರಿಯ. ಆದರೆ ಹಾಗೆ ಮಾಡಿದಾಗ ತಪ್ಪುಗಳು ತಪ್ಪುಗಳಾಗಿ ಉಳಿಯದೆ ಎಚ್ಚರಿಕೆಗಳ ಮಟ್ಟಕ್ಕೆ ಇಳಿಯುತ್ತವೆ, ಕೆಲಸ ನಿಲ್ಲುವುದಿಲ್ಲ. ಸಂಖ್ಯೆ ಇರಬೇಕಾದ ಕಡೆ ಅಕ್ಷರ ಬಂದರೆ ಸೊನ್ನೆ ಬರೆದು ಮುಂದೆ ಹೋಗುತ್ತದೆ. ಖಾಲಿ ಬಂದರೂ ಸೊನ್ನೆ. ಕೆನ್ಯಾದಲ್ಲಿ ಎಚ್‌ಐವಿ ರೋಗಿಯ ರಕ್ತದಲ್ಲಿ ವೈರಾಣು ಪತ್ತೆಯ ಮಿತಿಗಿಂತ ಕಡಿಮೆಯಿದ್ದರೆ ಪ್ರಯೋಗಾಲಯ 'ಎಲ್‌ಡಿಎಲ್' ಎಂದು ಬರೆಯುತ್ತದೆ. (ಹೃದಯತಜ್ಞರಿಗೆ ಇದು ಕೊಲೆಸ್ಟರಾಲ್; ಅದು ಬೇರೆಯೇ ಗೊಂದಲ.) ಈ ಅಕ್ಷರಗಳು ಸಂಖ್ಯೆಯ ಕಂಬಕ್ಕೆ ಬಿದ್ದರೆ ಸೊನ್ನೆ. ಪರೀಕ್ಷೆ ಮಾಡಿಸದೆ ಖಾಲಿ ಬಿಟ್ಟಿದ್ದರೂ ಸೊನ್ನೆ. ಚಿಕಿತ್ಸೆ ಚೆನ್ನಾಗಿ ಫಲಿಸುತ್ತಿರುವ ರೋಗಿಯೂ, ಎರಡು ವರ್ಷದಿಂದ ಪರೀಕ್ಷೆಯೇ ಆಗದ ರೋಗಿಯೂ ಪರದೆಯ ಮೇಲೆ ಒಂದೇ ಆಗಿಬಿಡುತ್ತಾರೆ. ಎಚ್ಚರಿಕೆಗಳ ಪಟ್ಟಿಯನ್ನು ತೆರೆದು ನೋಡೋಣವೆಂದರೆ ಮೈಎಸ್‌ಕ್ಯೂಎಲ್ 5.7ರಲ್ಲಿ ಅದು ರೂಢಿಯಂತೆ ಉಳಿಸಿಕೊಳ್ಳುವುದು ಮೊದಲ 64 ಮಾತ್ರ, 8.0ರಲ್ಲಿ 1,024.

ಇವುಗಳಿಗೆಲ್ಲ ನಾನು ಬಲ್ಲ ಉತ್ತಮ ಪರಿಹಾರ ತಂಗುಕೋಷ್ಟಕ. ಹಳೆಯ ಕಡತವನ್ನು ನೇರವಾಗಿ ಆಬ್ಸ್‌ಗೆ ಸುರಿಯದೆ, ಎಲ್ಲ ಕಂಬಗಳೂ ಬರಿಯ ಪಠ್ಯವಾಗಿರುವ, ಸೂಚಿಯಾಗಲಿ ನಿರ್ಬಂಧವಾಗಲಿ ಇಲ್ಲದ ಒಂದು ಕೋಷ್ಟಕಕ್ಕೆ ಸುರಿಯುವುದು. ಅಲ್ಲಿ ಎಲ್‌ಡಿಎಲ್ ಎಲ್‌ಡಿಎಲ್ ಆಗಿಯೇ ಇರುತ್ತದೆ, ಖಾಲಿ ಖಾಲಿಯಾಗಿಯೇ ಇರುತ್ತದೆ. ವೇಗವೂ ಪೂರ್ತಿ ಸಿಗುತ್ತದೆ. ಆಮೇಲೆ ತಪಾಸಣೆಗಳನ್ನು ಸಾಲುಸಾಲಾಗಿ ಅಲ್ಲದೆ ಕೋಷ್ಟಕಕ್ಕೆ ಕೋಷ್ಟಕವನ್ನೇ ಎದುರಿಟ್ಟು ಮಾಡಬಹುದು: ರೋಗಿಗಳ ಪಟ್ಟಿಯಲ್ಲಿ ಇಲ್ಲದ ಸಂಖ್ಯೆಯುಳ್ಳ ಸಾಲುಗಳು ಯಾವುವು ಎಂಬ ಒಂದೇ ಪ್ರಶ್ನೆ ಕೋಟಿ ತಪಾಸಣೆಗಳ ಕೆಲಸ ಮಾಡುತ್ತದೆ. ಹಳೆಯ ರೋಗಿ ಸಂಖ್ಯೆಗೆ ಹೊಸದು ಯಾವುದು ಎಂಬ ಜೋಡಿಪಟ್ಟಿಯೂ ಇಲ್ಲಿಯೇ ಇರಬೇಕು. ತೇರ್ಗಡೆಯಾದವು ಮುಂದಕ್ಕೆ, ಉಳಿದವು ಮನುಷ್ಯರು ನೋಡಲೆಂದು ಪಕ್ಕಕ್ಕೆ.

ಪಕ್ಕಕ್ಕೆ ಉಳಿದವನ್ನು ನೋಡುವುದು ತಂತ್ರಜ್ಞರೊಬ್ಬರಿಂದ ಆಗದು. ಇಲ್ಲಿನ ಎಚ್‌ಐವಿ ರೋಗಿಯ ಗುರುತಿನ ಸಂಖ್ಯೆ ಹತ್ತು ಅಂಕಿಗಳದು: ಮೊದಲ ಐದು ಚಿಕಿತ್ಸಾಲಯದ ಸಂಕೇತ, ಮುಂದಿನ ಐದು ಕ್ರಮಾಂಕ. ಕ್ರಮಾಂಕ ಪ್ರತ್ಯೇಕ ಕಂಬದಲ್ಲಿದ್ದು, ಯಾರೋ ಕಡತವನ್ನು ಎಕ್ಸೆಲ್‌ನಲ್ಲಿ ತೆರೆದು ಉಳಿಸಿದ್ದರೆ 00047 ಎಂಬುದು 47 ಆಗಿರುತ್ತದೆ. ಯಂತ್ರದ ಭಾಷೆ ಅಮೆರಿಕದ ಪದ್ಧತಿಯಲ್ಲಿದ್ದರೆ ಮಾರ್ಚ್ 4 ಏಪ್ರಿಲ್ 3 ಆಗಿರಬಹುದು. ಭಾರತದಲ್ಲಿ ಓದಿ ಇಲ್ಲಿಗೆ ಬಂದ ನಮ್ಮಂಥವರಿಗೆ ಇನ್ನೊಂದು ಪರಿಚಿತ ಹೊಂಡವಿದೆ: ನಮ್ಮೂರಿನಲ್ಲಿ ರಕ್ತದ ಸಕ್ಕರೆಯನ್ನು ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಹೇಳುತ್ತಾರೆ, ಇಲ್ಲಿ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ, ಎರಡಕ್ಕೂ 18 ಪಟ್ಟು ಅಂತರ. 99 ಎಂದು ಬರೆದಿದ್ದರೆ ಅದು ಇಲ್ಲಿನ 5.5, ಆರೋಗ್ಯವಂತನ ಸಕ್ಕರೆ. ದತ್ತಸಂಚಯಕ್ಕೆ 99 ಕೂಡ ಒಂದು ಸಂಖ್ಯೆಯಷ್ಟೇ.

ಕೊನೆಯ ದರ್ಜೆಯ ವೇಗವರ್ಧಕಗಳು ಬಾಳಿಕೆಗೆ ಸಂಬಂಧಿಸಿದವು. ಡಿಸ್ಕಿಗೆ ಮುದ್ರೆ ಒತ್ತಿಸುವುದನ್ನೇ ನಿಲ್ಲಿಸಬಹುದು. ಆಗ ವಿದ್ಯುತ್ ಹೋದರೆ ಪೋಸ್ಟ್‌ಗ್ರೆಸ್‌ನಲ್ಲಿ ಇಡೀ ದತ್ತಸಂಚಯವೇ ಸರಿಪಡಿಸಲಾಗದಂತೆ ಕೆಡಬಹುದು. 2023ರ ಆಗಸ್ಟ್ 25ರ ರಾತ್ರಿ ಕೆನ್ಯಾದ ಬಹುಭಾಗ ಒಮ್ಮೆಗೇ ಕತ್ತಲಾಯಿತು. ಜೋಮೋ ಕೆನ್ಯಾಟಾ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವೂ ಅದರಿಂದ ಹೊರತಾಗಲಿಲ್ಲ. ಅದು ಶುಕ್ರವಾರ, ವಾರಾಂತ್ಯದ ಹೊಸ್ತಿಲು. ಹೊಸ ಯಂತ್ರದಲ್ಲಿ ಬೇರೇನೂ ಇಲ್ಲದಿದ್ದರೆ, ಮೂಲ ಪ್ರತಿ ಬೇರೆಡೆ ಭದ್ರವಾಗಿದ್ದರೆ, ಕೆಟ್ಟರೆ ಅಳಿಸಿ ಮತ್ತೆ ಆರಂಭಿಸುತ್ತೇವೆ ಎಂಬ ತೀರ್ಮಾನ ಒಪ್ಪಬಹುದಾದದ್ದೇ. ರೋಗಿಗಳನ್ನು ನೋಡುತ್ತಿರುವ ಯಂತ್ರದಲ್ಲಿ ಖಂಡಿತ ಬೇಡ.

ತುಂಬುವುದು ಮುಗಿದ ಮೇಲೆ ಸೂಚಿಗಳನ್ನು ಕಟ್ಟಿ, ಅಂಕಿಅಂಶಗಳನ್ನು ಹೊಸದಾಗಿಸುವ 'ಅನಲೈಜ್' ಆದೇಶ ಕೊಡಬೇಕು. ಇಲ್ಲವಾದರೆ ಸೋಮವಾರದ ಮೊದಲ ಹುಡುಕಾಟವೇ ದಾರಿ ತಪ್ಪಿದಂತೆ ಅಲೆಯುತ್ತದೆ. ಬಳಿಕ ತಾಳೆ ನೋಡುವ ಕೆಲಸ. ಕಾಗದದ ಕಡತಗಳಲ್ಲಿ ಮುನ್ನೂರನ್ನು ಚೀಟಿ ಎತ್ತಿದಂತೆ ಆರಿಸಿ ಪರದೆಯೊಂದಿಗೆ ಹೋಲಿಸಿದೆವು, ಒಂದು ತಪ್ಪೂ ಇಲ್ಲ ಎಂದು ವರದಿ ಬಂದರೆ ಸಮಿತಿ ಚಪ್ಪಾಳೆ ತಟ್ಟುತ್ತದೆ. ವೈದ್ಯಕೀಯ ಸಂಖ್ಯಾಶಾಸ್ತ್ರದಲ್ಲಿ ಇದಕ್ಕೊಂದು ಹಳೆಯ ಲೆಕ್ಕವಿದೆ. ಹ್ಯಾನ್ಲಿ ಮತ್ತು ಲಿಪ್‌ಮನ್-ಹ್ಯಾಂಡ್ 1983ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವಿವರಿಸಿದಂತೆ, ಎಷ್ಟನ್ನು ನೋಡಿ ಒಂದೂ ತಪ್ಪು ಸಿಗಲಿಲ್ಲವೋ ಆ ಸಂಖ್ಯೆಯಿಂದ 3ನ್ನು ಭಾಗಿಸಿದರೆ ಬರುವುದು, ಶೇಕಡ 95 ವಿಶ್ವಾಸದಲ್ಲಿ, ನಿಜವಾದ ತಪ್ಪಿನ ಪ್ರಮಾಣದ ಮೇಲ್ಮಿತಿ. ಮುನ್ನೂರಕ್ಕೆ ಅದು ಶೇಕಡ 1. ಇಪ್ಪತ್ತು ಸಾವಿರ ರೋಗಿಗಳಲ್ಲಿ ಇನ್ನೂರು ಮಂದಿಯ ದಾಖಲೆ ತಪ್ಪಾಗಿದ್ದರೂ ಇಂಥ ವರದಿ ಬರುವುದು ಅಸಂಭವವೇನಲ್ಲ.

ಆದ್ದರಿಂದ ತೂಕ, ಎತ್ತರಗಳಿಗೆ ಮಾದರಿ ಪರೀಕ್ಷೆ ಸಾಕೆಂದು ಒಪ್ಪುವ ನಾನು ಮೂರು ಸಂಗತಿಗಳಿಗೆ ಪೂರ್ಣ ತಾಳೆಯನ್ನು ಕೇಳುತ್ತೇನೆ: ಅಲರ್ಜಿ, ಈಗ ನಡೆಯುತ್ತಿರುವ ಔಷಧಿ, ಗುರುತಿನ ಸಂಖ್ಯೆ. ಹಳೆಯ ಮತ್ತು ಹೊಸ ಕೋಷ್ಟಕಗಳನ್ನು ರೋಗಿಯಿಂದ ರೋಗಿಗೆ ಯಂತ್ರವೇ ಹೋಲಿಸಲಿ. ಕೋಟಿ ಸಾಲುಗಳಲ್ಲಿ ಇವುಗಳ ಪಾಲು ಸಣ್ಣದು, ಕೆಲವು ನಿಮಿಷಗಳ ಕೆಲಸ. ಸಾಲು ಸುರಿಯುವಾಗ ಉಳಿಸಿದ ಇಪ್ಪತ್ತು ಗಂಟೆಗಳಲ್ಲಿ ಅಷ್ಟನ್ನು ಇದಕ್ಕೆ ಕೊಡಲು ಯಾರೂ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ, ಕೇಳಬೇಕಷ್ಟೆ.

ಹಳೆಯ ವ್ಯವಸ್ಥೆಯನ್ನು ಓದಲು ಮಾತ್ರ ಬರುವಂತೆ ಕೆಲವು ತಿಂಗಳು ಉಳಿಸಿಕೊಳ್ಳುವುದು ಒಳ್ಳೆಯದು. ನಡುದಾರಿಯ ಕಡತಗಳನ್ನು ಮಾತ್ರ ಉಳಿಸಿಕೊಳ್ಳಬಾರದು. ಕೆನ್ಯಾದ 2019ರ ದತ್ತಾಂಶ ಸಂರಕ್ಷಣಾ ಕಾಯಿದೆ ಆರೋಗ್ಯದ ಮಾಹಿತಿಯನ್ನು ಸೂಕ್ಷ್ಮ ವೈಯಕ್ತಿಕ ಮಾಹಿತಿಯೆಂದು ಪರಿಗಣಿಸುತ್ತದೆ. ಹೀಗಿರುವಾಗ ಇಪ್ಪತ್ತು ಸಾವಿರ ಜನರ ಎಚ್‌ಐವಿ ಸ್ಥಿತಿಯನ್ನು ಹೊತ್ತ ಒಂದು ಪಠ್ಯ ಕಡತ, ಯಾವ ಗುಪ್ತಪದವೂ ಇಲ್ಲದೆ, ಭಾನುವಾರ ರಾತ್ರಿ ದುಡಿದವರ ಲ್ಯಾಪ್‌ಟಾಪಿನಲ್ಲೋ ಪೆನ್‌ಡ್ರೈವಿನಲ್ಲೋ ಉಳಿದಿರುತ್ತದೆ. ಸೋಮವಾರ ಬೆಳಗ್ಗೆ ಬಾಗಿಲು ತೆರೆಯುವ ಮುನ್ನ ಇಬ್ಬರು ಜೊತೆಯಲ್ಲಿ ಕುಳಿತು ಅವುಗಳನ್ನು ಅಳಿಸಿ, ಅಳಿಸಿದ ಹೊತ್ತನ್ನು ಬರೆದು ರುಜು ಹಾಕಬೇಕು.